ಮೂಳೆಯಿಲ್ಲದ ಕಡೆ ಮೂಳೆಯ ಕ್ಯಾನ್ಸರ್

ಪ್ರಶ್ನೆ: ನಮ್ಮ 11 ವರ್ಷದ ಹೆಣ್ಣು ಲ್ಯಾಬ್ರಡಾರ್ ನಾಯಿಯ ಮೊಲೆಯಲ್ಲಿ ಕಲ್ಲಿನಂತೆ ಗಟ್ಟಿಯಾದ ಗಂಟು ಬೆಳೆದಿತ್ತು. ಕಳೆದ ತಿಂಗಳು ಅದನ್ನು ತೆಗೆಸಿದೆವು. ಪ್ರಯೋಗಾಲಯದ ವರದಿಯಲ್ಲಿ ‘ಅಸ್ಥಿಪಂಜರದ ಹೊರಗಿನ ಆಸ್ಟಿಯೋಸಾರ್ಕೋಮಾ’ ಎಂದಿದೆ. ಎಕ್ಸ್‌ರೇಯಲ್ಲಿ ಮೂಳೆಗಳೆಲ್ಲ ಸರಿಯಾಗಿವೆ. ಮೂಳೆಯೇ ಇಲ್ಲದ ಕಡೆ ಮೂಳೆಯ ಕ್ಯಾನ್ಸರ್ ಬರುವುದುಂಟೇ? ವರದಿ ತಪ್ಪಿರಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬರುವುದುಂಟು, ಆದರೆ ಬಹಳ ಅಪರೂಪ. ಈ ಗಡ್ಡೆಗೆ ಹೆಸರು ಬಂದಿರುವುದು ಅದು ಹುಟ್ಟಿದ ಜಾಗದಿಂದಲ್ಲ, ಅದರ ಜೀವಕೋಶಗಳು ಮಾಡುವ ಕೆಲಸದಿಂದ. ಕ್ಯಾನ್ಸರ್ ಕೋಶಗಳೇ ಆಸ್ಟಿಯಾಯ್ಡ್ ಎಂಬ ಎಳೆಯ, ಇನ್ನೂ ಗಟ್ಟಿಯಾಗದ ಮೂಳೆದ್ರವ್ಯವನ್ನು ಸ್ರವಿಸುತ್ತಿದ್ದು, ಗಡ್ಡೆಗೆ ಯಾವ ಮೂಳೆಯ ನಂಟೂ ಇಲ್ಲವೆಂದು ಖಚಿತವಾದಾಗ ಮಾತ್ರ ಈ ಹೆಸರನ್ನು ಕೊಡುತ್ತಾರೆ. ನಾಯಿಗಳ ಆಸ್ಟಿಯೋಸಾರ್ಕೋಮಾ ಹೆಚ್ಚಾಗಿ ದೊಡ್ಡ ತಳಿಗಳ ಕಾಲಿನ ಉದ್ದ ಮೂಳೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೃದು ಅಂಗಾಂಶದ ಬಗೆ ವಯಸ್ಸಾದ ನಾಯಿಗಳ ಮೊಲೆ, ಗುಲ್ಮ, ಕರುಳು, ಯಕೃತ್ತುಗಳಲ್ಲಿ ಬರುತ್ತದೆ. ಸಗಣಿ ಹುಳುವನ್ನು ತಿಂದ ನಾಯಿಯ ದೇಹವನ್ನು ಸೇರುವ ಸ್ಪೈರೋಸೆರ್ಕಾ ಲೂಪಿ ಎಂಬ ಜಂತು ಅನ್ನನಾಳದಲ್ಲಿ ಗಂಟು ಕಟ್ಟಿಕೊಂಡು, ಆ ಗಂಟೇ ಮುಂದೆ ಇಂಥ ಕ್ಯಾನ್ಸರಾಗಿ ಮಾರ್ಪಡುವುದೂ ಉಂಟು; ನಿಮ್ಮ ನಾಯಿಯ ಗಡ್ಡೆಗೆ ಅದು ಕಾರಣವಲ್ಲ.

ವರದಿಯ ಕುರಿತು ನಿಮ್ಮ ಸಂದೇಹವನ್ನು ನಾನು ತಳ್ಳಿಹಾಕಲಾರೆ. ನಾಯಿಗಳ ಮೊಲೆಯ ‘ಮಿಶ್ರ ಗಡ್ಡೆ’ಗಳಲ್ಲಿ ಮೂಳೆಯೂ ಮೃದ್ವಸ್ಥಿಯೂ ಆಗಾಗ ಕಾಣಿಸುತ್ತವೆ, ಮತ್ತು ಅವುಗಳಲ್ಲಿ ಹಲವು ಅಪಾಯಕಾರಿಯಲ್ಲ. ಆದ್ದರಿಂದ ಗಂಟು ಗಟ್ಟಿಯಾಗಿತ್ತು, ಒಳಗೆ ಮೂಳೆಯ ಚೂರು ಸಿಕ್ಕಿತು ಎಂಬಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು. ಆಸ್ಟಿಯಾಯ್ಡನ್ನು ಉತ್ಪಾದಿಸಿದ್ದು ಕ್ಯಾನ್ಸರ್ ಕೋಶಗಳೇ ಹೌದೇ, ಕತ್ತರಿಸಿ ತೆಗೆದ ಭಾಗದ ಅಂಚುಗಳಲ್ಲಿ ರೋಗ ಉಳಿದಿದೆಯೇ ಎಂಬ ಎರಡು ಪ್ರಶ್ನೆಗಳನ್ನು ವರದಿ ಕೊಟ್ಟ ತಜ್ಞರಿಗೆ ಕೇಳಿರಿ. ಅವರು ಪರೀಕ್ಷಿಸಿದ ಗಡ್ಡೆಯ ಸ್ಲೈಡುಗಳನ್ನೇ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೋಗಶಾಸ್ತ್ರ ವಿಭಾಗದಂಥ ಇನ್ನೊಂದು ಕಡೆ ತೋರಿಸಬಹುದು.

ಆ ಉತ್ತರಕ್ಕೆ ಕಾಯುತ್ತಾ ಎದೆಯ ಎಕ್ಸ್‌ರೇಯನ್ನು ಮುಂದೂಡಬೇಡಿ. ಈ ಕ್ಯಾನ್ಸರ್ ಬೇಗ ಹರಡುವಂಥದ್ದು, ಶ್ವಾಸಕೋಶಕ್ಕೆ ಹರಡುವುದು ಸಾಮಾನ್ಯ. ನಾಯಿಯನ್ನು ಎಡಕ್ಕೆ, ಬಲಕ್ಕೆ ಮತ್ತು ನೇರವಾಗಿ ಮಲಗಿಸಿ ಮೂರು ಚಿತ್ರಗಳನ್ನು ತೆಗೆಸಿದರೆ ಸಣ್ಣ ಗಂಟುಗಳು ಕಣ್ತಪ್ಪುವ ಸಂಭವ ಕಡಿಮೆ. ಶ್ವಾಸಕೋಶ ಸ್ವಚ್ಛವಾಗಿದ್ದು ಅಂಚಿನಲ್ಲಿ ರೋಗ ಉಳಿದಿದ್ದರೆ ಇನ್ನಷ್ಟು ಅಗಲವಾಗಿ ಮರುಶಸ್ತ್ರಚಿಕಿತ್ಸೆ ಮಾಡಿಸಿ, ಬಳಿಕ ಡಾಕ್ಸೊರುಬಿಸಿನ್ ಅಥವಾ ಕಾರ್ಬೋಪ್ಲಾಟಿನ್ ಕೀಮೋಥೆರಪಿಯ ಬಗ್ಗೆ ಯೋಚಿಸಬಹುದು. ಡಾಕ್ಸೊರುಬಿಸಿನ್ ಹೃದಯಕ್ಕೆ ಹಾನಿ ಮಾಡಬಲ್ಲದಾದ್ದರಿಂದ ಅದಕ್ಕೆ ಮೊದಲು ಹೃದಯದ ತಪಾಸಣೆ ಅಗತ್ಯ. ರೋಗ ಆಗಲೇ ಶ್ವಾಸಕೋಶಕ್ಕೆ ಹರಡಿದ್ದರೆ, 11 ವರ್ಷದ ಜೀವಕ್ಕೆ ಮತ್ತೊಂದು ಕತ್ತರಿಯನ್ನು ನಾನಂತೂ ಹೇಳುವುದಿಲ್ಲ. ಅದು ಊಟ ಮಾಡುತ್ತಾ, ಓಡಾಡುತ್ತಾ ಇರುವಷ್ಟು ದಿನ ನೋವು ನಿವಾರಕಗಳ ಆರೈಕೆಯಲ್ಲೇ ಇರಲಿ.