ಮನೆಗೇ ಹೋಗಿ ಬೈಕ್ ರಿಪೇರಿ ಮಾಡುವವರು ಗ್ಯಾರೇಜ್ ರೇಟನ್ನೇ ತಗೊಂಡರೆ ಯಾಕೆ ದುಡ್ಡು ಉಳಿಯಲ್ಲ?

ಯಾಕಂದ್ರೆ ನೀವು ಮಾರುತ್ತಿರುವುದು ನಿಮ್ಮ ಸಮಯ, ಅದರಲ್ಲಿ ದೊಡ್ಡ ಪಾಲು ರಸ್ತೆಯಲ್ಲೇ ಕಳೆದುಹೋಗುತ್ತದೆ. ಗ್ಯಾರೇಜಿನವನ ಹತ್ತಿರ ಗಾಡಿಯೇ ಬಂದು ನಿಲ್ಲುತ್ತದೆ, ನೀವು ಗಾಡಿ ಇರುವಲ್ಲಿಗೆ ಹೋಗಬೇಕು.

ಸುಮ್ನೆ ಒಂದು ಲೆಕ್ಕ ಹಾಕಿ. ದಿನಕ್ಕೆ 10 ಗಂಟೆ ದುಡಿಯುತ್ತೀರಿ, ಬೆಂಗಳೂರಿನ ಟ್ರಾಫಿಕ್‌ನಲ್ಲಿ 4 ಗಂಟೆ ಓಡಾಟಕ್ಕೇ ಹೋಯಿತು ಅಂದುಕೊಳ್ಳಿ. ಸ್ಪ್ಯಾನರ್ ಕೈಯಲ್ಲಿರುವುದು 6 ಗಂಟೆ ಮಾತ್ರ. ಮನೆಗೆ 1,500 ರೂಪಾಯಿ ಬೇಕು, ಪೆಟ್ರೋಲು, ಫೋನು, ಟೂಲ್ಸ್ ಸವೆತಕ್ಕೆ 300. ಒಟ್ಟು 1,800. ಇದನ್ನು 10ರಿಂದ ಭಾಗಿಸಿದರೆ ಗಂಟೆಗೆ 180, 6ರಿಂದ ಭಾಗಿಸಿದರೆ 300. ತುಂಬಾ ಜನ 180 ತಗೊಂಡು, ದಿನವಿಡೀ ದುಡಿದರೂ ಸಂಜೆಗೆ ಕೈ ಖಾಲಿ ಯಾಕೆ ಅಂತ ಕೊರಗುತ್ತಾರೆ, ನೋಡಿದರೆ ಬೇಜಾರಾಗುತ್ತದೆ.

ಹತ್ತು ನಿಮಿಷದ ಪ್ಲಗ್ ಕ್ಲೀನಿಂಗ್ ಆದರೂ ಒಂದು ಗಂಟೆಯ ಕೂಲಿ ಕನಿಷ್ಠ ಅಂತ ಇಟ್ಟುಕೊಳ್ಳಿ. ಇದನ್ನು ಹೊರಡುವ ಮೊದಲೇ ಫೋನಲ್ಲಿ ಹೇಳಿಬಿಡಿ. ಕೆಲಸ ಮುಗಿದ ಮೇಲೆ ಹೇಳಿದರೆ ಜಗಳ ಗ್ಯಾರಂಟಿ.

ಕ್ಲಚ್ ಕೇಬಲ್, ಬ್ರೇಕ್ ಶೂ, ಪ್ಲಗ್ ಯಾವಾಗಲೂ ಬ್ಯಾಗಲ್ಲಿರಲಿ. ಒಂದು ಕೇಬಲ್‌ಗೋಸ್ಕರ ಪಾರ್ಟ್ಸ್ ಅಂಗಡಿಗಳಿರುವ ಜೆ.ಸಿ. ರೋಡ್‌ಗೆ ಹೋಗಿ ಬಂದರೆ ಆ ದಿನದ ಲಾಭವೇ ಹೋಯಿತು. ಪಾರ್ಟ್ಸ್‌ಗೆ ಪ್ಯಾಕೆಟ್ ಮೇಲಿನ ಬೆಲೆಗಿಂತ ಜಾಸ್ತಿ ತಗೋಬೇಡಿ, ಬಿಚ್ಚಿದ ಹಳೆಯದನ್ನು ಗಿರಾಕಿಯ ಕೈಗೇ ಕೊಡಿ. ಎಳೆ ಬಿಚ್ಚಿದ ಕೇಬಲ್ ಕಣ್ಣಾರೆ ನೋಡಿದವರು ಕೂಲಿಗೆ ಚೌಕಾಸಿ ಮಾಡುವುದು ಕಡಿಮೆ.