ಗುಣಾಕಾರದ ಗುಣಕ್ಕೂ ಮನುಷ್ಯನ ಗುಣಕ್ಕೂ ಏನು ಸಂಬಂಧ?

ಗುಣಾಕಾರದ ಗುಣ, ಮನುಷ್ಯನ ಗುಣ ಮತ್ತು ಜ್ವರ ಗುಣವಾಯಿತು ಎನ್ನುವಾಗಿನ ಗುಣ, ಇವು ಒಂದೇ ಪದವೇ ಅಥವಾ ಉಚ್ಚಾರದಲ್ಲಿ ಮಾತ್ರ ಒಂದಾಗಿರುವ ಬೇರೆ ಪದಗಳೇ ಎಂದು ತಾವು ಕೇಳಿದ್ದೀರಿ. ಒಂದೇ ಪದ ಎಂಬುದು ನನ್ನ ಉತ್ತರ.

ಸಂಸ್ಕೃತದಲ್ಲಿ ಗುಣ ಎಂದರೆ ಎಳೆ, ಹುರಿ, ಹಗ್ಗ. ಬಿಲ್ಲಿನ ಹೆದೆಯೂ ಗುಣವೇ. ಎರಡೆಳೆ ಸೇರಿಸಿ ಹೊಸೆದದ್ದು ದ್ವಿಗುಣ, ಮೂರೆಳೆಯದು ತ್ರಿಗುಣ. ಹೊಸೆದ ದಾರವನ್ನು ಬಿಟ್ಟು ಎಣಿಕೆಯನ್ನಷ್ಟೇ ಉಳಿಸಿಕೊಂಡಾಗ ದ್ವಿಗುಣಕ್ಕೆ ‘ಎರಡರಷ್ಟು’ ಎಂಬ ಅರ್ಥ ಬರುತ್ತದೆ. ಶಾಲೆಯಲ್ಲಿ ಕಲಿತ ಗುಣ್ಯ, ಗುಣಕ, ಗುಣಲಬ್ಧಗಳೆಲ್ಲ ಈ ದಾರಿಯಲ್ಲಿ ಬಂದವು. ಒಂದು ವ್ಯಂಜನವನ್ನು ಎಲ್ಲ ಸ್ವರಗಳೊಡನೆ ಕೂಡಿಸಿ ಕ, ಕಾ, ಕಿ, ಕೀ ಎಂದು ಬೆಳೆಸುವ ಕಾಗುಣಿತದಲ್ಲಿಯೂ ಇದೇ ‘ಗುಣಿತ’ ಇದೆ ಎಂಬುದು ನನಗೆ ಹೊಳೆದದ್ದು, ನಾಚಿಕೆಯಿಂದ ಹೇಳುತ್ತೇನೆ, ಮಗಳಿಗೆ ಅದನ್ನು ತಿದ್ದಿಸುವಾಗ.

ಇನ್ನು ಸ್ವಭಾವದ ಗುಣ. ಸಾಂಖ್ಯ ದರ್ಶನದವರ ಸತ್ತ್ವ, ರಜಸ್ಸು, ತಮಸ್ಸು ಎಂಬ ಮೂರು ಗುಣಗಳು ಕೇವಲ ಸ್ವಭಾವಗಳಲ್ಲ, ಜಗತ್ತಿನ ಮೂಲವಾದ ಪ್ರಕೃತಿಯೇ ಆ ಮೂರರಿಂದ ಆದದ್ದು. ಪುರುಷನನ್ನು, ಎಂದರೆ ಆತ್ಮವನ್ನು, ಹಗ್ಗದಂತೆ ಬಿಗಿಯುವುದರಿಂದ ಅವಕ್ಕೆ ಆ ಹೆಸರು ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಇನ್ನೊಂದು ದರ್ಶನದವರಾದ ವೈಶೇಷಿಕರಿಗಾದರೋ ಗುಣವೆಂದರೆ ದ್ರವ್ಯವನ್ನು, ಅಂದರೆ ವಸ್ತುವನ್ನು, ಆಶ್ರಯಿಸಿರುವ ಧರ್ಮ. ಅವರ 24 ಗುಣಗಳ ಪಟ್ಟಿಯಲ್ಲಿ ಬಣ್ಣ, ರುಚಿಗಳೊಂದಿಗೆ ಸಂಖ್ಯೆಯೂ ಸೇರಿದೆ. ಆಯುರ್ವೇದ ಗುರು-ಲಘು, ಶೀತ-ಉಷ್ಣ ಎಂದು ಹತ್ತು ಜೋಡಿಗಳಲ್ಲಿ 20 ಗುಣಗಳನ್ನು ಹೇಳುತ್ತದೆ. ಸಂಸ್ಕೃತ ವೈಯಾಕರಣ ಪಾಣಿನಿಯ ದಾರಿ ಇವೆಲ್ಲಕ್ಕಿಂತ ಬೇರೆ: ಅ, ಏ, ಓ ಎಂಬ ಮೂರು ಸ್ವರಗಳಿಗೆ ಅವನು ಗುಣವೆಂಬ ಸಂಜ್ಞೆ ಕೊಟ್ಟಿದ್ದಾನೆ, ಸುರ ಮತ್ತು ಇಂದ್ರ ಸೇರಿ ಸುರೇಂದ್ರ ಆಗುವುದನ್ನು ಗುಣಸಂಧಿ ಎನ್ನುವುದು ಅದರಿಂದಲೇ.

ಈ ಶಾಸ್ತ್ರಾರ್ಥಗಳಲ್ಲಿ ಒಳಿತು-ಕೆಡುಕಿನ ತೀರ್ಪಿಲ್ಲ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬಲ್ಲಿ ಗುಣವು ಕೆಟ್ಟದ್ದೂ ಆಗಬಹುದು. ಆದರೆ ‘ಗುಣವಂತ’ ಎಂದೊಡನೆ ಅದು ಒಳ್ಳೆಯತನವೇ ಆಗುತ್ತದೆ. ‘ಮದ್ದು ಗುಣ ಕೊಟ್ಟಿತು’, ‘ಜ್ವರ ಗುಣವಾಯಿತು’ ಎಂಬ ಕನ್ನಡದ ಬಳಕೆಗಳು ಈ ಒಳ್ಳೆಯ ಅರ್ಥದ ಮುಂದುವರಿಕೆ ಎಂದು ನಾನು ತಿಳಿಯುತ್ತೇನೆ.

ಜಾತಕ ಕೂಡಿಸುವವರ ಗುಣಕ್ಕೆ ಮಾತ್ರ ಸ್ವಭಾವದ ಗೊಡವೆಯೇ ಇಲ್ಲ. ವಧೂವರರ ಜಾತಕಗಳನ್ನು ಹೋಲಿಸಿ ನೋಡುವ ಎಂಟು ಅಂಶಗಳಾದ ಅಷ್ಟಕೂಟಗಳಿಗೆ ಕ್ರಮವಾಗಿ ಒಂದರಿಂದ ಎಂಟರವರೆಗೆ ಇಟ್ಟಿರುವ ಅಂಕಗಳನ್ನು ಕೂಡಿದರೆ 36 ಆಗುತ್ತದೆ. ‘ಇಪ್ಪತ್ತೆರಡು ಗುಣ ಬಂದಿದೆ’ ಎಂದು ಜೋಯಿಸರು ಹೇಳಿದರೆ ಅದು ವರನ ನಡತೆಯ ಪ್ರಶಂಸೆಯಲ್ಲ, ಅಂಕಗಳ ಮೊತ್ತ.