ಎಎಂಎಲ್ ಇದ್ದರೆ ರಕ್ತ ಮತ್ತು ಮೂಳೆಮಜ್ಜೆಯ ರಿಪೋರ್ಟ್‌ನಲ್ಲಿ ಏನೇನು ಬದಲಾಗುತ್ತದೆ?

ಬಿಳಿ ರಕ್ತಕಣ ಜಾಸ್ತಿ ಇದ್ದರೆ ಮಾತ್ರ ರಕ್ತದ ಕ್ಯಾನ್ಸರ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಎಎಂಎಲ್‌ನಲ್ಲಿ ಹಾಗೇನಿಲ್ಲ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಆ ಸಂಖ್ಯೆ ಲಕ್ಷ ದಾಟಿರಬಹುದು, ನಾರ್ಮಲ್ ಇರಬಹುದು, 2,000ಕ್ಕೂ ಇಳಿದಿರಬಹುದು. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ) ಸಾಮಾನ್ಯವಾಗಿ ಕಡಿಮೆ ಇರುತ್ತವೆ. ಸುಸ್ತು, ವಸಡಿನಲ್ಲಿ ರಕ್ತ, ಮತ್ತೆ ಮತ್ತೆ ಜ್ವರ ಬರುವುದು ಇದರಿಂದಲೇ.

ಮೂಲ ಇರುವುದು ಮಜ್ಜೆಯಲ್ಲಿ. ಬ್ಲಾಸ್ಟ್ ಅನ್ನುವ ಎಳೆ ಕಣಗಳು ಬಲಿಯದೆ ಅಲ್ಲೇ ತುಂಬಿಕೊಳ್ಳುತ್ತವೆ, ಒಳ್ಳೆಯ ಕಣಗಳ ಹುಟ್ಟು ಕುಗ್ಗುತ್ತದೆ. ಆರೋಗ್ಯವಂತರ ಮಜ್ಜೆಯಲ್ಲಿ ಬ್ಲಾಸ್ಟ್ ಶೇ. 5ಕ್ಕಿಂತ ಕಡಿಮೆ. ಮಜ್ಜೆಯಲ್ಲೋ ರಕ್ತದಲ್ಲೋ ಶೇ. 20 ಮುಟ್ಟಿದರೆ ಸಾಮಾನ್ಯವಾಗಿ ಎಎಂಎಲ್ ಅನ್ನುತ್ತಾರೆ. 8 ಮತ್ತು 21ನೇ ಕ್ರೋಮೋಸೋಮ್‌ಗಳ ತುಣುಕು ಅದಲುಬದಲಾದಂಥ ಕೆಲವು ಬದಲಾವಣೆ ಸಿಕ್ಕರೆ ಅಷ್ಟು ಬ್ಲಾಸ್ಟ್ ಬೇಕಾಗಿಲ್ಲ.

ಸ್ಲೈಡ್‌ನಲ್ಲಿ ಬ್ಲಾಸ್ಟ್ ಒಳಗೆ ಸೂಜಿಯಂಥ ಕೆಂಪು ಕಡ್ಡಿ ಕಂಡರೆ ಅದು ಆವರ್ ರಾಡ್. ಕಣ ಮೈಲಾಯ್ಡ್ ಜಾತಿಯದು, ಅಂದರೆ ನ್ಯೂಟ್ರೋಫಿಲ್‌ನಂಥ ಕಣಗಳು ಹುಟ್ಟುವ ಗುಂಪಿನದು ಅನ್ನಲು ಇದು ಒಳ್ಳೆಯ ಸುಳಿವು. ಎಲ್ಲರಲ್ಲೂ ಕಾಣುವುದಿಲ್ಲ, ಹಾಗಾಗಿ ಫ್ಲೋ ಸೈಟೋಮೆಟ್ರಿ (ಲೇಸರ್ ಬೆಳಕಿನಿಂದ ಕಣದ ಪ್ರೋಟೀನ್ ಗುರುತು ಹಿಡಿಯುವ ಪರೀಕ್ಷೆ) ಮಾಡಿ ಸಿಡಿ13, ಸಿಡಿ33, ಸಿಡಿ117, ಎಂಪಿಓ ಅನ್ನುವ ಮೈಲಾಯ್ಡ್ ಗುರುತುಗಳನ್ನು ನೋಡುತ್ತಾರೆ. ಕಣಗಳು ನಾಶವಾದಾಗ ಹೆಚ್ಚುವ ಎಲ್‌ಡಿಎಚ್, ಯೂರಿಕ್ ಆಸಿಡ್ ರಕ್ತದಲ್ಲಿ ಏರಿರುವುದೂ ಉಂಟು.

ಒಂದು ವಿಷಯ ಮಾತ್ರ ದಯವಿಟ್ಟು ಗಮನಿಸಿ. ಇಂಥ ಕಡ್ಡಿಗಳು ಕಟ್ಟುಕಟ್ಟಾಗಿ ಕಂಡು, ಪಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) ಜಾಸ್ತಿಯಾಗಿ, ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್ ಪ್ರೋಟೀನ್ ಇಳಿದಿದ್ದರೆ ಅದು ಎಪಿಎಲ್ (ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ) ಅನ್ನುವ ಎಎಂಎಲ್ ಬಗೆ ಇರಬಹುದು. ರಕ್ತಸ್ರಾವದ ಅಪಾಯ ತುಂಬಾ ಇರುವುದರಿಂದ ಜೀನ್ ರಿಪೋರ್ಟ್‌ಗೆ ಕಾಯದೆ, ಅನುಮಾನ ಬಂದ ಕೂಡಲೇ ಡಾಕ್ಟರು ಆಟ್ರಾ (ವಿಟಮಿನ್ ಎ ಯಿಂದ ಬಂದ ಔಷಧಿ) ಮಾತ್ರೆ ಶುರು ಮಾಡುತ್ತಾರೆ.